ಮೆಟಾಲಿಕಾ ಬೆಂಗಳೂರಲ್ಲಿ, ಅಕ್ಟೋಬರ್ 30: ಮೊದಲನೇ ಸಲ ನೋಡೋರೆಲ್ಲಾ ಇಲ್ಲಿ ಬನ್ನಿ

ಹರಿಹರ_ರಿಫ್ · 24 ಅಕ್ಟೋಬರ್ 2011, ರಾತ್ರಿ 10:40

ಟಿಕೆಟ್ ಬಂದು ಬೀರು ಒಳಗೆ ಕೂತು ಎಷ್ಟೋ ದಿನ ಆಯ್ತು, ಆದ್ರೆ ಇದು ನಿಜವಾಗ್ಲೂ ನಡೆಯುತ್ತೆ ಅಂತ ಅನ್ನಿಸೋಕೆ ಶುರುವಾಗಿದ್ದು ಈ ವಾರನೇ. ಭಾನುವಾರ ಸಂಜೆ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಅಮೆರಿಕಾದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ. ಇಷ್ಟು ಟೈಪ್ ಮಾಡೋಷ್ಟ್ರಲ್ಲೇ ಕೈ ಬೆವರ್ತಿದೆ.

ನಾನು ಬೆಳೆದಿದ್ದು ಹರಿಹರದಲ್ಲಿ. ನಮ್ಮ ಬೀದೀಲಿ, ನಮ್ಮ ಕ್ಲಾಸಲ್ಲಿ ಈ ಹಾಡು ಕೇಳೋರು ಒಬ್ರೂ ಇರ್ಲಿಲ್ಲ. ದಾವಣಗೆರೇಲಿ ಇಂಜಿನಿಯರಿಂಗ್ ಓದ್ತಿದ್ದ ಒಬ್ರು ಸೀನಿಯರ್ ಹತ್ರ ಇವರ 1991ರ ಬ್ಲ್ಯಾಕ್ ಆಲ್ಬಮ್ ಕ್ಯಾಸೆಟ್ ಸಿಕ್ತು, ಖಾಲಿ ಕ್ಯಾಸೆಟ್‌ಗೆ ಕಾಪಿ ಮಾಡ್ಕೊಂಡು ಮನೇಲಿ ಎಲ್ರೂ ಮಲಗಿದ್ಮೇಲೆ ವಾಕ್‌ಮನ್‌ನಲ್ಲಿ ಕೇಳ್ತಿದ್ದೆ, ಜೋರಾಗಿ ಹಾಕೋ ಹಾಗಿಲ್ಲ, ಯಾರಿಗಾದ್ರೂ ಕೇಳಿಸಿದ್ರೂ ಇದೇನು ಕಿರುಚಾಟ ಅಂತಾರೆ. ಇಷ್ಟು ವರ್ಷ ಈ ಬ್ಯಾಂಡ್ ನನ್ನ ಹೆಡ್‌ಫೋನ್ ಒಳಗೆ ಮಾತ್ರ ಇದ್ದಿದ್ದು. ಭಾನುವಾರ ಸಾವಿರಾರು ಜನ ನಾನು ಒಬ್ಬನೇ ಬಾಯಿಪಾಠ ಮಾಡಿದ್ದ ಸಾಲನ್ನೇ ಹಾಡ್ತಾರಲ್ಲ, ಅದನ್ನ ನೆನೆಸಿಕೊಂಡ್ರೇ ಎದೆ ಬಡ್ಕೊಳ್ಳೋಕೆ ಶುರುವಾಗುತ್ತೆ.

ನೀವೆಲ್ಲಾ ಹೆಂಗೆ ತಯಾರಾಗ್ತಿದೀರ? ಆಲ್ಬಮ್‌ಗಳನ್ನ ಮತ್ತೆ ಮೊದಲಿಂದ ಕೇಳ್ತಿದೀರಾ? ದೊಡ್ಡ ಶೋಗೆ ಹೋಗಿ ಬಂದಿರೋರು ಇದ್ರೆ ದಯವಿಟ್ಟು ಹೇಳಿ, ನನಗೆ ಇದೇ ಮೊದಲು.

ಮಲ್ಲೇಶ್ವರಂ_ಮೆಟಲ್ · 24 ಅಕ್ಟೋಬರ್, ರಾತ್ರಿ 11:15

ಗುರು, ನೀನು ಬರೆದಿದ್ದು ಓದಿ 2007 ಮಾರ್ಚ್ 17 ನೆನಪಾಯ್ತು. ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್, ಇದೇ ಪ್ಯಾಲೇಸ್ ಗ್ರೌಂಡ್ಸ್. ಅಲ್ಲೀವರೆಗೂ ನಾವು ಈ ಬ್ಯಾಂಡ್‌ಗಳೆಲ್ಲಾ ನಮ್ಮೂರಿಗೆ ಬರಲ್ಲ, ಡಿವಿಡೀಲೇ ನೋಡ್ಬೇಕು ಅಂತ ಒಪ್ಕೊಂಡ್ಬಿಟ್ಟಿದ್ವಿ. ಅವತ್ತು ಬಿಸಿಲಲ್ಲಿ ಕ್ಯೂ ನಿಂತಾಗ ನನ್ನ ಮುಂದೆ ಶಿಲ್ಲಾಂಗ್ ಹುಡುಗ್ರು, ಹಿಂದೆ ಕೊಚ್ಚಿ ಕಡೆಯವರು, ರೈಲಲ್ಲಿ ದಿನಗಟ್ಟಲೆ ಕೂತು ಬಂದಿದ್ರು. ಯಾರಿಗೂ ಯಾರ ಭಾಷೆನೂ ಸರಿಯಾಗಿ ಬರ್ತಿರ್ಲಿಲ್ಲ, ಹಾಡಿನ ಹೆಸರು ಹೇಳ್ಕೊಂಡೇ ಮಾತಾಡಿದ್ವಿ. ಆ ಕ್ಯೂನ ನಾನು ಶೋನಷ್ಟೇ ಚೆನ್ನಾಗಿ ನೆನಪಿಟ್ಟಿದೀನಿ.

ಅದಕ್ಕೇ ನನ್ನ ಮೊದಲನೇ ಮಾತು: ಬೇಗ ಬಾ. ಗೇಟ್ ತೆಗೆಯೋಕಿಂತ ಮುಂಚೆನೇ ಬಾ. ಮೊದಲು ಆಡೋದು ನಮ್ಮ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್. ಲೋಕಲ್ ಹುಡುಗ್ರು ಮೆಟಾಲಿಕಾ ಸ್ಟೇಜ್ ಮೇಲೆ ನಿಲ್ತಿದಾರೆ ಅಂದ್ರೆ ಎದುರಿಗೆ ಖಾಲಿ ಮೈದಾನ ಇರಬಾರ್ದು. ಫ್ರೀಡಂ ಜಾಮ್, ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್, ಇಂಥ ಮ್ಯೂಸಿಕ್ ಹಬ್ಬಗಳಲ್ಲಿ ಕೆಟ್ಟ ಸೌಂಡ್ ಸಿಸ್ಟಂನಲ್ಲಿ ಆಡ್ಕೊಂಡೇ ಈ ಊರಿನ ಮೆಟಲ್ ಬೆಳೆದಿದ್ದು, ಆ ಋಣ ನಮ್ಮ ಮೇಲಿದೆ.

ಧಾರವಾಡದ_ಡ್ರಮ್ಮರ್ · 25 ಅಕ್ಟೋಬರ್, ಬೆಳಗ್ಗೆ 7:50

ನಮಸ್ಕಾರ್ರೀ ಎಲ್ಲಾರಿಗೂ. ನಾವು ನಾಕ್ ಮಂದಿ ಹುಬ್ಬಳ್ಳಿಯಿಂದ ಬರಾಕತ್ತೇವಿ. ನಾ ಡ್ರಮ್ಸ್ ಬಾರಸ್ತೇನಿ, ಮೆಟಾಲಿಕಾ ಡ್ರಮ್ಮರ್ ಲಾರ್ಸ್ ಉಲ್ರಿಕ್ ಬಗ್ಗೆ ಮಂದಿ ಏನೇನರ ಅಂತಾರ, ಲೈವ್‌ನ್ಯಾಗ ಟೆಂಪೋ ಓಡ್ತದ, ಡಬಲ್ ಬಾಸ್ (ಎರಡೂ ಕಾಲಿಂದ ಬಾಸ್ ಡ್ರಮ್ ಬಾರಸೋದು) ಮೊದಲಿನಂಗಿಲ್ಲ ಅಂತ. ಅನ್ನವ್ರು ಅನ್ಲಿ. 1981ರಾಗ ಪೇಪರ್‌ನ್ಯಾಗ ಜಾಹೀರಾತ್ ಕೊಟ್ಟು ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ನ್ನ ಹುಡುಕಿದಾಂವ ಅವನ. ಡೆನ್ಮಾರ್ಕ್‌ದಿಂದ ಟೆನಿಸ್ ಆಡಾಕಂತ ಅಮೆರಿಕಾಕ್ಕ ಬಂದ ಹುಡುಗ ಆ ಜಾಹೀರಾತ್ ಕೊಡ್ಲಿಲ್ಲಾಂದ್ರ ನಾವ್ಯಾರೂ ಇಲ್ಲಿ ಬರಕೋತ ಕುಂದ್ರತಿದ್ದಿಲ್ಲ. ನನಗ 'ಒನ್' ಹಾಡಿನ ನಡುವಿನ ಆ ಮಷೀನ್‌ಗನ್ ಕಿಕ್ ಡ್ರಮ್ ಎದಿಗೆ ಬಡೀಬೇಕ್ರಿ, ಸ್ಪೀಕರ್ ಮುಂದ ನಿಂತು ಪಕ್ಕೆಲಬು ನಡಗಬೇಕು. ಅಷ್ಟಾದ್ರ ಸಾಕು.

ಒಂದ್ ಪ್ರಶ್ನೆ ಐತಿ, ಮುಂದ ಸ್ಟೇಜಿನ ಬುಡಕ ನಿಂತ್ರ ಛಲೋನೋ, ಹಿಂದ ನಿಂತ್ರ ಛಲೋನೋ?

ಮಲ್ಲೇಶ್ವರಂ_ಮೆಟಲ್ · 25 ಅಕ್ಟೋಬರ್, ಬೆಳಗ್ಗೆ 9:05

ಮುಖ ನೋಡ್ಬೇಕು ಅಂದ್ರೆ ಮುಂದೆ. ಸೌಂಡ್ ಸರಿಯಾಗಿ ಕೇಳ್ಬೇಕು ಅಂದ್ರೆ ಮೈದಾನದ ಮಧ್ಯ ಮಿಕ್ಸಿಂಗ್ ಕನ್ಸೋಲ್ ಇಟ್ಟಿರ್ತಾರಲ್ಲ, ಅದರ ಸ್ವಲ್ಪ ಮುಂದೆ ನಿಂತ್ಕೊಳ್ಳಿ. ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ಚೆನ್ನಾಗಿ ಕೇಳೋ ಹಾಗೆ ತಾನೇ ಮಿಕ್ಸ್ ಮಾಡೋದು, ಅವನ ಹತ್ರ ನಿಂತ್ರೆ ಅದೇ ನಿಮಗೂ ಸಿಗುತ್ತೆ. ಒಂದೇ ಪಕ್ಕದ ಸ್ಪೀಕರ್ ಬುಡದಲ್ಲಿ ನಿಂತ್ರೆ ಒಂದು ಗಿಟಾರ್ ಪೂರ್ತಿ, ಇನ್ನೊಂದು ಅರ್ಧ.

ಕುಡ್ಲ_ಬಾಸ್ · 25 ಅಕ್ಟೋಬರ್, ಮಧ್ಯಾಹ್ನ 1:30

ಡ್ರಮ್ಮಿನವರು ಮಾತಾಡಿ ಆಯ್ತಲ್ಲ, ಇನ್ನು ಬಾಸಿನವರದ್ದು ಕೇಳಿ ಮಾರಾಯ್ರೇ. 1988ರ 'ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮಲ್ಲಿ ಬಾಸ್ ಗಿಟಾರ್ ಕೇಳುವುದೇ ಇಲ್ಲ, ಆಗಿನ ಬಾಸಿಸ್ಟ್ ಜೇಸನ್ ನ್ಯೂಸ್ಟೆಡ್ ನುಡಿಸಿದ್ದು ಮಿಕ್ಸಲ್ಲಿ ಅಡಿಗೆ ಹೋಗಿದೆ. ನಾನು ಆ ಹಾಡುಗಳನ್ನೆಲ್ಲ ಕಲಿತದ್ದು ಊಹೆಯಲ್ಲಿ, ಗಿಟಾರ್ ಕೇಳಿ ಅದರ ಕೆಳಗೆ ಬಾಸ್ ಹೀಗಿರಬಹುದು ಅಂತ. ಈಗಿನ ಬಾಸಿಸ್ಟ್ ರಾಬರ್ಟ್ ಟ್ರುಹಿಯೋ ಅದನ್ನು ನನ್ನ ಎದುರು ನುಡಿಸ್ತಾನೆ. ರೆಕಾರ್ಡಲ್ಲಿ ಇಲ್ಲದ್ದು ಲೈವಲ್ಲಿ ಉಂಟು. ನಾನು ಬರುವುದೇ ಮುಖ್ಯವಾಗಿ ಅದಕ್ಕೆ.

ಜೇಸನ್‌ಗಿಂತ ಮೊದಲಿನ ಬಾಸಿಸ್ಟ್ ಕ್ಲಿಫ್ ಬರ್ಟನ್ ನುಡಿಸಿದ ಹಾಡು ಒಂದಾದರೂ ಬರಲಿ ಅಂತ ದೇವರಿಗೆ ಕೈ ಮುಗಿದಿದ್ದೇನೆ. 1986 ಸೆಪ್ಟೆಂಬರ್ 27, ಸ್ವೀಡನ್ನಲ್ಲಿ ಬಸ್ ಮಗುಚಿ ತೀರಿಹೋದಾಗ ಅವನಿಗೆ 24 ವರ್ಷ ಅಷ್ಟೆ. ನನಗೆ ಈಗ ಅವನಿಗಿಂತ ಹೆಚ್ಚು ಪ್ರಾಯ ಆಯ್ತು, ಆದರೂ 'ಓರಿಯನ್' ಕೇಳುವಾಗ ಅವನೇ ನನಗೆ ಗುರುಗಳ ಹಾಗೆ ಕಾಣುವುದು.

ಶ್ರುತಿಪೆಟ್ಟಿಗೆ · 25 ಅಕ್ಟೋಬರ್, ಸಂಜೆ 6:20

ಮೈಸೂರಿಂದ ನಾನು. ಪಿಟೀಲು ಕಲೀತಿದೀನಿ, ಚಿಕ್ಕವಳಿದ್ದಾಗಿಂದ. ಈ ಬ್ಯಾಂಡ್ ನಂಗೆ ಪರಿಚಯ ಆಗಿದ್ದು ನಮ್ಮಣ್ಣನಿಂದ, 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಜೊತೆ ಅವರು ಮಾಡಿದ ಶೋ ರೆಕಾರ್ಡಿಂಗ್ ತಂದು, ನೋಡು ಇದ್ರಲ್ಲಿ ನಿನ್ನ ಪಿಟೀಲೂ ಇದೆ ಅಂತ ಕೂರಿಸಿ ಕೇಳಿಸಿದ. ಈಗ ಅಣ್ಣ ಅಮೆರಿಕಾದಲ್ಲಿದಾನೆ, ಬರೋಕಾಗ್ತಿಲ್ಲ, ನಾನು ಹೋಗ್ತಿದೀನಿ. 'ಫೇಡ್ ಟು ಬ್ಲ್ಯಾಕ್' ಶುರುವಾದ್ರೆ ಫೋನ್ ಮಾಡಿ ಹಿಡ್ಕೋ, ಸರಿಯಾಗಿ ಕೇಳಿಸದಿದ್ರೂ ಪರ್ವಾಗಿಲ್ಲ ಅಂದಿದಾನೆ. ಅಲ್ಲಿ ಆಗ ಬೆಳಗ್ಗೆ, ಎದ್ದು ಕಾಯ್ತಾನಂತೆ.

ನಾನು ಬೆಂಗಳೂರಲ್ಲಿ ಇಷ್ಟು ದೊಡ್ಡ ಜನ ಸೇರಿದ್ದು ನೋಡಿರೋದು ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವ ಕಚೇರಿಲಿ ಮಾತ್ರ. ಅಲ್ಲಿ ಚಪ್ಪರ, ಕುರ್ಚಿ, ಎಲ್ಲಾ ಕೂತಿರ್ತಾರೆ. ಇಲ್ಲಿ ಗಂಟೆಗಟ್ಟಲೆ ನಿಂತಿರ್ಬೇಕು, ನೂಕುನುಗ್ಗಲು ಬೇರೆ. ಹೆಣ್ಣುಮಕ್ಕಳು ಹೋಗಿ ಬಂದಿರೋರು ಯಾರಾದ್ರೂ ಇದ್ರೆ ಹೇಳ್ತೀರಾ, ಹೆಂಗಿರುತ್ತೆ? ಕಿವಿ ಬಗ್ಗೆನೂ ಸ್ವಲ್ಪ ಯೋಚನೆ, ನಂಗೆ ಶ್ರುತಿ ಕೇಳೋ ಕಿವಿ ಬೇಕು.

ಆರ್‌ಟಿನಗರ_ರಾತ್ರಿ · 25 ಅಕ್ಟೋಬರ್, ರಾತ್ರಿ 9:10

ಶ್ರುತಿ ಅವ್ರೇ, ನಾನೂ ಹುಡುಗಿನೇ, 2009ರ ಮೇಡನ್‌ಗೂ ಹೋಗಿದ್ದೆ, ಹೋದ ವರ್ಷ ಲ್ಯಾಂಬ್ ಆಫ್ ಗಾಡ್ ಬ್ಯಾಂಡ್ ಶೋಗೂ ಹೋಗಿದ್ದೆ. ಧೈರ್ಯವಾಗಿ ಬನ್ನಿ. ತೀರಾ ಮುಂದೆ ಮಧ್ಯದಲ್ಲಿ ಮಾಶ್ ಪಿಟ್ (ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಕುಣಿಯೋ ಗುಂಪು) ಆಗುತ್ತೆ, ಅಲ್ಲಿ ಬೇಡ ಅಂದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ, ಆರಾಮಾಗಿರುತ್ತೆ. ಬಿದ್ದೋರನ್ನ ತಕ್ಷಣ ನಾಲ್ಕು ಜನ ಎತ್ತಿ ನಿಲ್ಲಿಸ್ತಾರೆ, ಮೆಟಲ್ ಗುಂಪಲ್ಲಿ ಅದೊಂದು ಅಲಿಖಿತ ನಿಯಮ. ಆದ್ರೂ ಒಬ್ರೇ ಬೇಡ, ನನ್ನ ಜೊತೆ ಇಬ್ರು ಫ್ರೆಂಡ್ಸ್ ಇದಾರೆ, ನಮ್ಮ ಜೊತೆ ಸೇರ್ಕೊಳ್ಳಿ. ಶೋ ಮುಗಿದ್ಮೇಲೆ ಮೈಸೂರಿಗೆ ವಾಪಸ್ ಹೋಗೋದೇನೂ ಬೇಡ, ನಮ್ಮನೇಲೇ ಇರಿ, ಅಮ್ಮಂಗೆ ಹೇಳಿದೀನಿ. ಟಾಯ್ಲೆಟ್‌ಗೆ ಇನ್ನರ್ ಸ್ಯಾಂಕ್ಟಮ್‌ಗೂ ಮುಂಚೆನೇ ಹೋಗ್ಬಿಡಿ, ಆಮೇಲೆ ಆ ಕ್ಯೂ ಅಲ್ಲಾಡಲ್ಲ.

ಕಿವಿಗೆ ಇಯರ್‌ಪ್ಲಗ್ ತಗೊಳ್ಳಿ, ಮೆಡಿಕಲ್ ಶಾಪಲ್ಲಿ ಫೋಮ್‌ದು ಸಿಗುತ್ತೆ. ಇದನ್ನ ಎಲ್ರಿಗೂ ಹೇಳ್ತಿದೀನಿ. ನಾನು ಆಡಿಯಾಲಜಿ (ಕಿವಿ ಕೇಳೋ ಶಕ್ತಿ ಬಗ್ಗೆ ಇರೋ ಶಾಸ್ತ್ರ) ಓದ್ತಿದೀನಿ, 85 ಡೆಸಿಬಲ್ ಶಬ್ದ 8 ಗಂಟೆ ತಡ್ಕೊಳ್ಳಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಸಮಯ ಅರ್ಧ ಆಗುತ್ತಾ ಹೋಗುತ್ತೆ. ಲೆಕ್ಕ ಹಾಕಿ, 100 ಡೆಸಿಬಲ್‌ಗೆ ಕಾಲು ಗಂಟೆ ಅಷ್ಟೇ. ಮೆಟಾಲಿಕಾ ಕಾಲು ಗಂಟೆಗೆ ನಿಲ್ಲಿಸಲ್ಲ. ಪ್ಲಗ್ ಹಾಕಿದ್ರೆ ಹಾಡು ಕೆಡುತ್ತೆ ಅಂತ ಹುಡುಗ್ರು ಹೇಳ್ತಾರೆ, ಕೆಡಲ್ಲ, ಎದೆಗೆ ಬಡಿಯೋ ಬಾಸ್ ಹಂಗೇ ಬಡಿಯುತ್ತೆ.

ಹಳೇ_ಕ್ಯಾಸೆಟ್ · 26 ಅಕ್ಟೋಬರ್, ಬೆಳಗ್ಗೆ 8:00

ಎಲ್ಲರಿಗೂ ದೀಪಾವಳಿ ಶುಭಾಶಯ. ನಾನು ಇಲ್ಲಿ ಬಹುಶಃ ಎಲ್ಲರಿಗಿಂತ ದೊಡ್ಡವನು. 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ ಬಂದ 1986ರಲ್ಲಿ ನಾನು ಕಾಲೇಜು. ಆಗ ಇದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಯಾರದ್ದೋ ಅಂಕಲ್ ವಿದೇಶದಿಂದ ತಂದ ಕ್ಯಾಸೆಟ್ಟು ಕಾಪಿ ಆಗಿ, ಅದರ ಕಾಪಿ ಆಗಿ, ನಮ್ಮ ಕೈಗೆ ಬರುವಷ್ಟರಲ್ಲಿ ಅರ್ಧ ಗೊರಗೊರ ಸದ್ದು. ಆ ಸದ್ದೂ ಹಾಡಿನದೇ ಭಾಗ ಅಂತ ತುಂಬಾ ದಿನ ಅಂದುಕೊಂಡಿದ್ವಿ.

ಹರಿಹರದವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ನಾನು ದಸರಾ ಹಬ್ಬದಿಂದ ಮೆಟಾಲಿಕಾ ಕೇಳೋದನ್ನೇ ನಿಲ್ಲಿಸಿದೀನಿ. ಒಂದು ಹಾಡೂ ಇಲ್ಲ. ಕಾರಲ್ಲಿ ಸಿಡಿ ಇದೆ, ಹಾಕಲ್ಲ. ಇಷ್ಟು ವರ್ಷದಲ್ಲಿ ಈ ಹಾಡುಗಳು ನನಗೆ ಎಷ್ಟು ರೂಢಿಯಾಗಿಬಿಟ್ಟಿವೆ ಅಂದ್ರೆ ಕೇಳ್ತಾ ಇದ್ರೂ ಕಿವಿಗೆ ಬೀಳಲ್ಲ. ಭಾನುವಾರ ಗಿಟಾರಿನ ಮೊದಲನೇ ಕಾರ್ಡ್ ಬಿದ್ದಾಗ ಹಸಿದ ಕಿವಿಯಿಂದ ಕೇಳ್ಬೇಕು ಅನ್ನೋ ಆಸೆ.

ಹರಿಹರ_ರಿಫ್ · 26 ಅಕ್ಟೋಬರ್, ಬೆಳಗ್ಗೆ 10:25

ಸರ್, ನಿಮ್ಮ ಹಾಗೆ ಇರೋಕೆ ನನ್ ಕೈಲಾಗಲ್ಲ. ನಾನು 'ಕಿಲ್ ಎಮ್ ಆಲ್'ನಿಂದ ಶುರು ಮಾಡಿ 'ಡೆತ್ ಮ್ಯಾಗ್ನೆಟಿಕ್'ವರೆಗೂ ಬಂದ ಕ್ರಮದಲ್ಲೇ ಕೇಳ್ತಿದೀನಿ, ನಿನ್ನೆ ರಾತ್ರಿ 'ಲೋಡ್'. ಹಿಂಗೆ ಸಾಲಾಗಿ ಕೇಳಿದ್ರೆ ಒಂದು ತಿಳಿಯುತ್ತೆ, 1983ರ ಹುಡುಗ್ರು ಸಿಟ್ಟಲ್ಲಿ ಎಷ್ಟು ವೇಗವಾಗಿ ಓಡ್ತಿದ್ರು, 1991ಕ್ಕೆ ಬರೋಷ್ಟ್ರಲ್ಲಿ ಅದೇ ಸಿಟ್ಟನ್ನ ನಿಧಾನ ಮಾಡಿ ಇನ್ನೂ ಭಾರ ಮಾಡಿದ್ರು. ಹಳೇ ಅಭಿಮಾನಿಗಳು ಬ್ಲ್ಯಾಕ್ ಆಲ್ಬಮ್‌ನಿಂದ ಬ್ಯಾಂಡ್ ಹಾಳಾಯ್ತು ಅಂತಾರೆ, ನಾನು ಒಪ್ಪಲ್ಲ, ನನ್ನಂಥೋರಿಗೆ ಬಾಗಿಲು ತೆಗೆದಿದ್ದೇ ಅದು. ಆ ಆಲ್ಬಮ್ ಇಲ್ದೆ ಹರಿಹರಕ್ಕೆ ಮೆಟಾಲಿಕಾ ಬರ್ತಿರ್ಲಿಲ್ಲ.

ಹಾಡುಗಾರ ಲೂ ರೀಡ್ ಜೊತೆ ಮಾಡಿರೋ ಆಲ್ಬಮ್ 'ಲುಲು' ಇದೇ 31ಕ್ಕೆ ಬರ್ತಿದೆ, ನಮ್ಮ ಶೋ ಮಾರನೇ ದಿನ. ಅದನ್ನ ಶೋ ಆದ್ಮೇಲೇ ಕೇಳ್ತೀನಿ.

ಮರಳುಗಾಡಿನ_ಕನ್ನಡಿಗ · 26 ಅಕ್ಟೋಬರ್, ಮಧ್ಯಾಹ್ನ 12:40

ನಮಸ್ಕಾರ, ಅಬುಧಾಬಿಯಿಂದ. ನಿನ್ನೆ ರಾತ್ರಿ ಯಾಸ್ ಅರೀನಾದಲ್ಲಿ ನೋಡ್ಬಂದೆ. ಇನ್ನೂ ಕಿವಿ ಗುಂಯ್ ಅಂತಿದೆ, ಗಂಟಲು ಇಲ್ಲ. ಏನೇನು ಆಡಿದ್ರು ಅಂತ ಬರೀಲಾ ಬೇಡ್ವಾ?

ಧಾರವಾಡದ_ಡ್ರಮ್ಮರ್ · 26 ಅಕ್ಟೋಬರ್, ಮಧ್ಯಾಹ್ನ 12:44

ಬರೀರಿ! ಲಗೂನ ಬರೀರಿ!

ಹಳೇ_ಕ್ಯಾಸೆಟ್ · 26 ಅಕ್ಟೋಬರ್, ಮಧ್ಯಾಹ್ನ 12:51

ದಯವಿಟ್ಟು ಬೇಡ. ಬೇಕಾದವರಿಗೆ ಮೆಸೇಜ್‌ನಲ್ಲಿ ಕಳಿಸಿ.

ಕುಡ್ಲ_ಬಾಸ್ · 26 ಅಕ್ಟೋಬರ್, ಮಧ್ಯಾಹ್ನ 1:10

ನನಗೂ ಬೇಡ. ಅವರು ಪ್ರತೀ ಊರಿಗೆ ಪಟ್ಟಿ ಬದಲಿಸ್ತಾರೆ, ಹಾಗಾಗಿ ಅಲ್ಲಿಯದ್ದು ನೋಡಿ ಇಲ್ಲಿಗೆ ಲೆಕ್ಕ ಹಾಕಿದರೂ ಉಪಯೋಗ ಇಲ್ಲ. 'ಓರಿಯನ್' ಇಲ್ಲ ಅಂತ ಈಗಲೇ ಗೊತ್ತಾದರೆ ಶಿರಾಡಿ ಘಾಟಿಯ ಆ ಗುಂಡಿ ರಸ್ತೆಯಲ್ಲಿ ಇಡೀ ರಾತ್ರಿ ಏನು ಯೋಚಿಸಿಕೊಂಡು ಕೂರುವುದು ನಾನು? ಪ್ರತಿ ಹಾಡು ಮುಗಿದು ದೀಪ ಆರಿದಾಗ ಈಗ ಯಾವುದು ಅಂತ ಉಸಿರು ಹಿಡಿಯುವುದುಂಟಲ್ಲ, ಅದು ನನಗೆ ಬೇಕು.

ಮರಳುಗಾಡಿನ_ಕನ್ನಡಿಗ · 26 ಅಕ್ಟೋಬರ್, ಮಧ್ಯಾಹ್ನ 2:05

ಆಯ್ತು, ಹಾಡಿನ ಪಟ್ಟಿ ಹೇಳಲ್ಲ. ಎಲ್ಲರಿಗೂ ಗೊತ್ತಿರೋ ಒಂದನ್ನ ಮಾತ್ರ ಹೇಳ್ತೀನಿ, ಯಾಕಂದ್ರೆ ಗೊತ್ತಿದ್ರೂ ಅದು ಹೆಂಗಿರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಶುರುವಾಗೋ ಮುಂಚೆ ಸಿನಿಮಾ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆ ಅವರ 'ಎಕ್ಸ್‌ಟಸಿ ಆಫ್ ಗೋಲ್ಡ್' ಹಾಕ್ತಾರೆ, 1983ರಿಂದ ಇದೇ ಪದ್ಧತಿ. ದೀಪ ಎಲ್ಲಾ ಆರುತ್ತೆ, ಸ್ಕ್ರೀನ್ ಮೇಲೆ ಆ ಹಳೇ ಸಿನಿಮಾದಲ್ಲಿ ಸ್ಮಶಾನದಲ್ಲಿ ಗೋರಿ ಹುಡುಕ್ಕೊಂಡು ಓಡೋ ದೃಶ್ಯ, ಸ್ಟೇಜ್ ಮೇಲೆ ಯಾರೂ ಇಲ್ಲ. ಮಾತಿಲ್ಲದ ರಾಗ ಅದು, ಆದ್ರೂ ಇಡೀ ಮೈದಾನ ಹಾಡುತ್ತೆ. ನನ್ನ ಪಕ್ಕ ಒಬ್ರು ಲೆಬನಾನ್‌ನವರು, ನನ್ನ ವಯಸ್ಸೇ, ಕಣ್ಣಲ್ಲಿ ನೀರು ಸುರೀತಿತ್ತು, ಒರೆಸ್ಕೊಳ್ಳೋ ಯೋಚನೆನೂ ಇರ್ಲಿಲ್ಲ ಅವರಿಗೆ. ಬ್ಯಾಂಡ್ ಇನ್ನೂ ಬಂದೇ ಇಲ್ಲ! ನನಗೆ ಇಡೀ ರಾತ್ರಿಯಲ್ಲಿ ಅದೇ ದೊಡ್ಡ ಕ್ಷಣ.

ಅದಕ್ಕೇ ಒಂದು ಬೇಡಿಕೆ, ಆ ಮೂರು ನಿಮಿಷ ಮೊಬೈಲ್ ಎತ್ತಬೇಡಿ. ರೆಕಾರ್ಡ್ ಮಾಡಿದ್ರೆ ಬರೀ ಕತ್ತಲೆ ಬರುತ್ತೆ.

ಶ್ರುತಿಪೆಟ್ಟಿಗೆ · 26 ಅಕ್ಟೋಬರ್, ಸಂಜೆ 5:30

ಇದನ್ನ ಓದಿ ಮೈ ಜುಮ್ ಅಂತು. ಥ್ಯಾಂಕ್ಸ್ ಸರ್. ಅಂದ ಹಾಗೆ ಗಿಟಾರ್ ಕಲೀತಿರೋರಿಗೆ ಒಂದು ಮಾತು, ರೆಕಾರ್ಡ್ ಜೊತೆ ಅಭ್ಯಾಸ ಮಾಡಿ ಬಂದ್ರೆ ಅಲ್ಲಿ ಶ್ರುತಿ ಬೇರೆ ಅನ್ನಿಸುತ್ತೆ, ಅವರು ಲೈವಲ್ಲಿ ಅರ್ಧ ಸ್ವರ ಇಳಿಸಿ ನುಡಿಸ್ತಾರೆ, ಈಗ ಎಷ್ಟೋ ವರ್ಷದಿಂದ ಹಂಗೇ. ಜೇಮ್ಸ್ ಗಂಟಲಿಗೂ ಅನುಕೂಲ, ರಿಫ್‌ಗೂ (ಗಿಟಾರಲ್ಲಿ ಮತ್ತೆ ಮತ್ತೆ ಬರೋ ಸ್ವರದ ಸಾಲು) ತೂಕ ಬರುತ್ತೆ. ನಮ್ಮಲ್ಲಿ ಹಾಡುಗಾರರ ಶಾರೀರಕ್ಕೆ ತಕ್ಕ ಶ್ರುತಿ ಇಟ್ಕೊಳ್ಳಲ್ವೆ, ಅಷ್ಟೇ.

ಮಲ್ಲೇಶ್ವರಂ_ಮೆಟಲ್ · 28 ಅಕ್ಟೋಬರ್, ರಾತ್ರಿ 9:35

ಯಾರಾದ್ರೂ ನ್ಯೂಸ್ ನೋಡಿದ್ರಾ? ಡೆಲ್ಲಿ ಪಕ್ಕದ ಗುರ್‌ಗಾಂವ್‌ನಲ್ಲಿದ್ದ ಮೆಟಾಲಿಕಾ ಶೋ ಇವತ್ತು ನಡೀಲಿಲ್ಲ. ಜನ ಒಳಗೆ ಸೇರಿ ಕಾದು ಕಾದು, ಆಮೇಲೆ ಮುಂದೂಡಿದೀವಿ ಅಂತ ಹೇಳಿದಾರೆ, ಜನ ಸ್ಟೇಜಿಗೆ ನುಗ್ಗಿ ಸಾಮಾನು ಒಡೆದು ಹಾಕಿದಾರೆ. ಟ್ವಿಟರ್ ತುಂಬಾ ಅದೇ.

ಧಾರವಾಡದ_ಡ್ರಮ್ಮರ್ · 28 ಅಕ್ಟೋಬರ್, ರಾತ್ರಿ 9:41

ಅಯ್ಯೋ ದೇವರ. ನಮ್ಮದ್ ನಡೀತದೋ ಇಲ್ಲೋ? ಬಸ್ ಟಿಕೆಟ್ ತಗದೇವಿ, ರಜಾ ಹಾಕೇವಿ. ಕೈಕಾಲ ತಣ್ಣಗಾಗ್ಯಾವ್ರಿ.

ಹರಿಹರ_ರಿಫ್ · 28 ಅಕ್ಟೋಬರ್, ರಾತ್ರಿ 10:20

ಇವತ್ತು ಅಕ್ಟೋಬರ್ 28, ಬ್ಯಾಂಡ್ ಹುಟ್ಟಿದ ದಿನ. ಸರಿಯಾಗಿ 30 ವರ್ಷ. ಆ ದಿನಾನೇ ಹಿಂಗಾಗಬೇಕಾ. ಅಲ್ಲಿ ಎಷ್ಟು ದೂರದಿಂದ ಬಂದಿರ್ತಾರೋ ಜನ, ನನ್ನಂಥೋನು ಒಬ್ಬ ಯಾವುದೋ ಸಣ್ಣ ಊರಿಂದ ಬಂದು ಆ ಮೈದಾನದಲ್ಲಿ ನಿಂತಿರ್ತಾನೆ, ಅವನು ಈಗ ವಾಪಸ್ ರೈಲು ಹತ್ತಬೇಕು. ನನಗೆ ಅವನದ್ದೇ ಯೋಚನೆ ಆಗ್ತಿದೆ. ಒಡೆದಿದ್ದು ತಪ್ಪು, ಆದ್ರೆ ಆ ನಿರಾಸೆ ಎಷ್ಟಿರುತ್ತೆ ಅಂತ ಇವತ್ತು ನಮಗಿಂತ ಚೆನ್ನಾಗಿ ಯಾರಿಗೂ ಅರ್ಥ ಆಗಲ್ಲ.

ಹಳೇ_ಕ್ಯಾಸೆಟ್ · 28 ಅಕ್ಟೋಬರ್, ರಾತ್ರಿ 11:05

ಬ್ಯಾಂಡ್‌ನವರು ಸುರಕ್ಷತೆಯ ಕಾರಣ ಕೊಟ್ಟಿದಾರೆ. ಸ್ಟೇಜ್ ಮುಂದಿನ ಬ್ಯಾರಿಕೇಡ್ ಸಮಸ್ಯೆ ಅಂತ ಸುದ್ದಿ. ಇದನ್ನ ನೆಪ ಅಂತ ಬೈಯೋರು ಸ್ವಲ್ಪ ತಾಳಿ. ಆ ಬ್ಯಾರಿಕೇಡ್ ಕೆಲಸ ಬರೀ ಜನರನ್ನ ತಡೆಯೋದಲ್ಲ. ಹಿಂದಿನಿಂದ ಸಾವಿರಾರು ಜನ ಒಟ್ಟಿಗೆ ಮುಂದಕ್ಕೆ ವಾಲಿದಾಗ ಆ ಭಾರ ಪೂರ್ತಿ ಮೊದಲನೇ ಸಾಲಿನವರ ಎದೆ ಮೇಲೆ ಬೀಳುತ್ತೆ, ಬ್ಯಾರಿಕೇಡ್ ಗಟ್ಟಿಯಾಗಿ ನಿಂತು, ಅದರ ಹಿಂದೆ ಸೆಕ್ಯುರಿಟಿಯವರಿಗೆ ಜಾಗ ಇದ್ರೆ ಉಸಿರು ಕಟ್ಟಿದವರನ್ನ ಮೇಲಕ್ಕೆ ಎಳ್ಕೋಬಹುದು. ಅದು ಬಾಗಿದ್ರೆ ಮುಗೀತು.

2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆ ಸಂಗೀತ ಹಬ್ಬದಲ್ಲಿ ಪರ್ಲ್ ಜ್ಯಾಮ್ ಬ್ಯಾಂಡ್ ಆಡ್ತಿರುವಾಗ ಹೀಗೇ ನೂಕಾಟದಲ್ಲಿ 9 ಜನ ಸತ್ತರು, ಎಲ್ಲಾ ಹುಡುಗರು. ಲಾರ್ಸ್‌ನ ಊರಿನ ಕಡೆಯದೇ ಹಬ್ಬ ಅದು. ಆ ಘಟನೆ ಗೊತ್ತಿರುವ ಯಾವ ಬ್ಯಾಂಡೂ ಅಲುಗಾಡುವ ಬ್ಯಾರಿಕೇಡ್ ಮುಂದೆ ಆಡಲ್ಲ, ಆಡಬಾರದು. ನಾನು ಇಪ್ಪತ್ತೈದು ವರ್ಷ ಕಾದಿದೀನಿ, ಬೇಕಾದ್ರೆ ಇನ್ನೂ ಕಾಯ್ತೀನಿ, ಆದ್ರೆ ನಮ್ಮ ಹುಡುಗ ಒಬ್ಬನಿಗೆ ಏನಾದ್ರೂ ಆಗಿ ನಡೆದ ಶೋ ನನಗೆ ಬೇಡ.

ಆರ್‌ಟಿನಗರ_ರಾತ್ರಿ · 29 ಅಕ್ಟೋಬರ್, ಬೆಳಗ್ಗೆ 9:15

ಗುರ್‌ಗಾಂವ್‌ದು ಪೂರ್ತಿ ಕ್ಯಾನ್ಸಲ್ ಆಯ್ತಂತೆ, ಆಯೋಜಕರಲ್ಲಿ ಕೆಲವರನ್ನ ಅರೆಸ್ಟ್ ಮಾಡಿದಾರೆ. ನಮ್ಮದರ ಬಗ್ಗೆ ಗಾಬರಿ ಬೇಡ. ಈಗ ತಾನೇ ಪ್ಯಾಲೇಸ್ ಗ್ರೌಂಡ್ಸ್ ಪಕ್ಕ ಬಸ್ಸಲ್ಲಿ ಹೋದೆ, ಲಾರಿಗಳು ಸಾಲಾಗಿ ನಿಂತಿವೆ, ಕಾಂಪೌಂಡ್ ಮೇಲಿಂದ ಸ್ಟೇಜಿನ ಕಬ್ಬಿಣದ ಕಂಬ ಕಾಣಿಸುತ್ತೆ, ಜನ ಹತ್ತಿ ಕೆಲಸ ಮಾಡ್ತಿದಾರೆ. ಇಷ್ಟು ಎತ್ತರದ ಸ್ಟೇಜ್ ನಾನು ಅಲ್ಲಿ ನೋಡಿರ್ಲಿಲ್ಲ.

ಮಳೆ ಬರಬಹುದು, ಹಿಂಗಾರು ಇದು, ಸಂಜೆ ಹೊತ್ತೇ ಸುರಿಯೋದು. ಆ ಮೈದಾನ ನೆನೆದ್ರೆ ಕೆಸರು ಪಾದ ಹಿಡ್ಕೊಂಡ್ಬಿಡುತ್ತೆ. ಹಳೇ ಶೂ ಹಾಕ್ಕೊಳ್ಳಿ, ಲೇಸ್ ಬಿಗಿಯಾಗಿ ಕಟ್ಟಿ, ಚಪ್ಪಲಿ ಖಂಡಿತ ಬೇಡ. ಛತ್ರಿ ಒಳಗೆ ಬಿಡಲ್ಲ, ತೆಳು ರೇನ್‌ಕೋಟ್ ಮಡಚಿ ಜೇಬಲ್ಲಿಟ್ಕೊಳ್ಳಿ, ಮೊಬೈಲ್‌ಗೆ ಒಂದು ಪ್ಲಾಸ್ಟಿಕ್ ಕವರ್.

ಕುಡ್ಲ_ಬಾಸ್ · 29 ಅಕ್ಟೋಬರ್, ಬೆಳಗ್ಗೆ 11:00

ಲಾರಿ ನೋಡಿದ್ದೀರಲ್ಲ, ಸಾಕು, ಈಗ ಊಟ ಸೇರುತ್ತದೆ ನನಗೆ. ನಿನ್ನೆ ರಾತ್ರಿ ನಿದ್ದೆಯೇ ಇಲ್ಲ. ಇವತ್ತು ರಾತ್ರಿ ಬಸ್ಸು. ಮಳೆ ಬಂದರೆ ಬರಲಿ ಮಾರಾಯ್ರೇ, ನಾವು ಕುಡ್ಲದವರು.

ಎಲ್ಲರೂ ಒಂದು ವಿಷಯ ಒಪ್ಪಿಕೊಳ್ಳುವ: ನಾಳೆ ತಡ ಆದರೂ, ಏನಾದರೂ, ಯಾರೂ ಬಾಟ್ಲಿ ಬಿಸಾಡುವುದು, ಬೇಲಿ ದೂಡುವುದು ಬೇಡ. ಪಕ್ಕದವನು ಮಾಡಿದರೂ ನಿಲ್ಲಿಸುವ. ಡೆಲ್ಲಿಯ ಹುಡುಗರಿಗೆ ಸಿಗಲಿಲ್ಲ, ಅವರ ಪಾಲಿನದ್ದನ್ನೂ ನಾವು ಹಾಡಬೇಕು.

ಮಲ್ಲೇಶ್ವರಂ_ಮೆಟಲ್ · 29 ಅಕ್ಟೋಬರ್, ಮಧ್ಯಾಹ್ನ 3:20

ಸರಿಯಾಗಿ ಹೇಳಿದ್ರಿ. ಹಾಡೋದು ಅಂದ್ರಲ್ಲ, ಅಭ್ಯಾಸ ಮಾಡ್ಕೊಂಡು ಬನ್ನಿ, ಇದು ಸುಮ್ನೆ ನಿಂತು ನೋಡೋ ಬ್ಯಾಂಡ್ ಅಲ್ಲ. 'ಕ್ರೀಪಿಂಗ್ ಡೆತ್' ಬಂದ್ರೆ ನಡುವೆ ಜನ ಒಂದೇ ಪದವನ್ನ ಮುಷ್ಟಿ ಎತ್ತಿ ಕೂಗೋ ಭಾಗ ಇದೆ, ಅದು ಪೂರ್ತಿ ನಮ್ಮದು. 'ಮಾಸ್ಟರ್ ಆಫ್ ಪಪೆಟ್ಸ್' ಮಧ್ಯ ನಿಧಾನವಾಗೋ ಕಡೆ ಎರಡು ಗಿಟಾರ್‌ ಒಟ್ಟಿಗೆ ನುಡಿಸೋ ಮೆಲೊಡಿನ ಜನ ಬಾಯಲ್ಲೇ ಹಾಡ್ತಾರೆ, ಸೋಫಿಯಾದಲ್ಲಿ ನಾಲ್ಕು ದೊಡ್ಡ ಮೆಟಲ್ ಬ್ಯಾಂಡ್ ಒಟ್ಟಿಗೆ ಆಡಿದ ಬಿಗ್ ಫೋರ್ ಡಿವಿಡಿ ನೋಡಿ ಬೇಕಾದ್ರೆ. 1991ರಲ್ಲಿ ಮಾಸ್ಕೋದ ಏರ್‌ಫೀಲ್ಡ್‌ನಲ್ಲಿ ಆಡಿದ ವಿಡಿಯೋ ಎಲ್ರೂ ನೋಡಿರ್ತೀರ, ಆ ಜನಸಾಗರ. ನಾಳೆ ಬೆಂಗಳೂರಿನ ವಿಡಿಯೋ ನೋಡಿ ಇನ್ನೊಂದು ದೇಶದಲ್ಲಿ ಯಾರಾದ್ರೂ ಹುಡುಗ ಹೊಟ್ಟೆ ಉರ್ಕೋಬೇಕು.

ಟೈಮ್ ಬಗ್ಗೆ ಕೇಳಿದ್ರು ಕೆಲವರು. ರಾತ್ರಿ 10 ಆದ್ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ, ಅದು 2000ದ ಶಬ್ದ ಮಾಲಿನ್ಯ ನಿಯಮ. ಅವರು ಎರಡು ಗಂಟೆ ಆಡ್ತಾರೆ ಅಂತಿಟ್ಕೊಂಡ್ರೂ ಕತ್ತಲಾದ ಸ್ವಲ್ಪ ಹೊತ್ತಿಗೇ ಹತ್ತಲೇಬೇಕು. ಎಂಟು ಗಂಟೆಗೆ ಬಂದ್ರಾಯ್ತು ಅನ್ನೋ ಲೆಕ್ಕ ಯಾರೂ ಇಟ್ಕೋಬೇಡಿ, ಮೇಖ್ರಿ ಸರ್ಕಲ್ ಟ್ರಾಫಿಕ್ಕಲ್ಲಿ ಕೂತು ಮೊದಲನೇ ಹಾಡು ದೂರದಿಂದ ಕೇಳೋ ಸಂಕಟ ಯಾರಿಗೂ ಬೇಡ.

ಶ್ರುತಿಪೆಟ್ಟಿಗೆ · 29 ಅಕ್ಟೋಬರ್, ರಾತ್ರಿ 8:45

ಇಯರ್‌ಪ್ಲಗ್ ಸಿಕ್ತು. ಫೋನ್‌ಗೆ ಐಎಸ್‌ಡಿ ಕರೆನ್ಸಿ ಹಾಕ್ಸಿದೀನಿ. ಅಮ್ಮ ಇವತ್ತು ಕೂತು ನನ್ನ ಜೊತೆ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಪೂರ್ತಿ ಕೇಳಿದ್ರು, ಅದು ಸಿಂಫನಿ ಜೊತೆದು. ಇದಕ್ಕೋಸ್ಕರನಾ ಹೋಗ್ತಿರೋದು, ಚೆನ್ನಾಗಿದೆ ಕಣೇ, ಹೋಗ್ಬಾ ಅಂದ್ರು. ಇಷ್ಟು ದಿನ ಯಾಕೆ ಹೋಗ್ಬೇಕು ಅಂತಿದ್ದೋರು. ತುಂಬಾ ಖುಷಿ ನಂಗೆ.

ಹರಿಹರ_ರಿಫ್ · 30 ಅಕ್ಟೋಬರ್, ಬೆಳಗ್ಗೆ 8:30

ಬೆಂಗಳೂರಿಗೆ ಬಂದಿಳಿದೆ. ಇದನ್ನ ಬರೀಲೇಬೇಕು. ರಾತ್ರಿ ಹರಿಹರದಲ್ಲಿ ಟ್ರೇನ್ ಹತ್ತಿ ನನ್ನ ಬರ್ತ್ ಹತ್ರ ಹೋಗ್ತೀನಿ, ಎದುರು ಬರ್ತ್‌ನಲ್ಲಿ ಒಬ್ರು 'ರೈಡ್ ದ ಲೈಟ್ನಿಂಗ್' ಟೀಶರ್ಟ್ ಹಾಕ್ಕೊಂಡು ಕೂತಿದಾರೆ. ರಾಣೆಬೆನ್ನೂರಿನವರು! ಹೆಚ್ಚುಕಮ್ಮಿ ನನ್ನ ವಯಸ್ಸು, ಬೀಜದ ಅಂಗಡಿ ಇಟ್ಟಿದಾರೆ. ಹಿಂದಿನ ಸ್ಟೇಷನ್ ಅಂದಂಗಿರೋ ಊರಲ್ಲಿ ಇಷ್ಟು ವರ್ಷ ಇವರೂ ರಾತ್ರಿ ಹೊತ್ತು ಒಬ್ರೇ ಇದನ್ನೇ ಕೇಳ್ತಿದ್ರು. ಅವರಿಗೂ ಅವರ ಊರಲ್ಲಿ ಯಾರೂ ಸಿಕ್ಕಿರ್ಲಿಲ್ಲ. ಚಿಕ್ಕಜಾಜೂರು ದಾಟಿದ್ಮೇಲೆ ಪಕ್ಕದ ಬೋಗಿಯಿಂದ ಇನ್ನಿಬ್ರು ಹಾವೇರಿ ಹುಡುಗ್ರು ಬಂದು ಸೇರ್ಕೊಂಡ್ರು, ಕೆಳಗಿನ ಬರ್ತ್‌ನ ಅಜ್ಜಿ ಬೈಯೋವರೆಗೂ ಮಾತಾಡಿದ್ವಿ, ಆಮೇಲೆ ಬಾಗಿಲ ಹತ್ರ ನಿಂತು ಮಾತಾಡಿದ್ವಿ. ಅಜ್ಜಿ ಬೆಳಗ್ಗೆ ಇಳಿಯುವಾಗ ಎಲ್ಲಿಗ್ರಪ್ಪಾ ಎಲ್ಲಾ ಕರೀ ಅಂಗಿ ಹಾಕ್ಕೊಂಡು ಹೊರಟಿದೀರಿ ಅಂತ ಕೇಳಿದ್ರು, ಹಾಡು ಕೇಳೋಕೆ ಅಜ್ಜಿ ಅಂದ್ವಿ, ಒಳ್ಳೇದಾಗ್ಲಿ ಅಂತ ತಲೆ ಮುಟ್ಟಿ ಹೋದ್ರು.

ಹಳೇ_ಕ್ಯಾಸೆಟ್ · 30 ಅಕ್ಟೋಬರ್, ಬೆಳಗ್ಗೆ 9:10

ಹರಿಹರದವರೇ, ಅವರನ್ನ ಕರ್ಕೊಂಡೇ ಬನ್ನಿ. ರಾಣೆಬೆನ್ನೂರಿನವರನ್ನ ನಾನು ನೋಡಬೇಕು.

ಧಾರವಾಡದ_ಡ್ರಮ್ಮರ್ · 30 ಅಕ್ಟೋಬರ್, ಬೆಳಗ್ಗೆ 10:35

ನಮ್ ಬಸ್ ತುಮಕೂರ್ ದಾಟೇತಿ. ರಾತ್ರಿ ದಾರ್ಯಾಗ ಕೆಟ್ಟು ನಿಂತಿತ್ರಿ, ಅದಕ್ಕ ತಡ ಆತು. ಮೆಜೆಸ್ಟಿಕ್‌ಗೆ ಬಂದ್ ಅಲ್ಲಿಂದ ಬರಬೇಕೋ, ನಡುವ ಇಳದ್ರ ಆಕ್ಕೇತೋ? ಮೆಟ್ರೋ ಚಾಲೂ ಆಗೇತಂತಲ್ಲ, ಅದು ಬರ್ತದೇನು?

ಆರ್‌ಟಿನಗರ_ರಾತ್ರಿ · 30 ಅಕ್ಟೋಬರ್, ಬೆಳಗ್ಗೆ 10:42

ಮೆಟ್ರೋ ಈ ಕಡೆ ಇಲ್ಲ, 20ನೇ ತಾರೀಖು ಶುರುವಾಗಿರೋದು ಬೈಯಪ್ಪನಹಳ್ಳಿಯಿಂದ ಎಂಜಿ ರೋಡಿಗೆ ಅಷ್ಟೇ. ಮೆಜೆಸ್ಟಿಕ್‌ಗೆ ಹೋಗ್ಬೇಡಿ, ಸುತ್ತು. ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲಿ ಇಳೀರಿ, ಅಲ್ಲಿಂದ ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ ಹಾದು ಮೇಖ್ರಿ ಸರ್ಕಲ್‌ಗೆ ಸಿಟಿ ಬಸ್ ಸಿಗುತ್ತೆ, ನಾಲ್ಕು ಜನ ಇದ್ರೆ ಎರಡು ಆಟೋ ಮಾಡಿದ್ರೂ ಆಯ್ತು. ಮೇಖ್ರಿ ಸರ್ಕಲ್‌ನಿಂದ ನಡ್ಕೊಂಡೇ ಬನ್ನಿ, ಕರೀ ಟೀಶರ್ಟ್ ಹಿಂದೆ ಹೋದ್ರೆ ಗೇಟ್ ಸಿಗುತ್ತೆ.

ಹೊಟ್ಟೆಗೆ ಚೆನ್ನಾಗಿ ತಿಂದ್ಕೊಂಡು ಬನ್ನಿ, ಒಳಗೆ ಹೋದ್ಮೇಲೆ ಹೊರಗೆ ಬಂದು ಮತ್ತೆ ಹೋಗೋಕಾಗಲ್ಲ. ನೀರು ಈಗಿಂದಲೇ ಕುಡೀತಾ ಇರಿ.

ಧಾರವಾಡದ_ಡ್ರಮ್ಮರ್ · 30 ಅಕ್ಟೋಬರ್, ಬೆಳಗ್ಗೆ 10:50

ಭಾಳ ಉಪಕಾರ ಆತ್ರಿ ಅಕ್ಕಾರ. ಮನಿಯಿಂದ ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಾಳ, ಎಲ್ಲಾರಿಗೂ ಸಾಕಾಗುವಷ್ಟ ಐತಿ. ಗೇಟ್ ಹೊರಗ ಕುಂತು ತಿನ್ನೂಣು. ಬಸ್ಸಿನ್ಯಾಗ ನಮ್ ಹುಡುಗೂರು ಸೀಟಿನ ಬೆನ್ನಿಗೆ 'ಒನ್' ಬಾರ್ಸಾಕತ್ತಾರ, ಕಂಡಕ್ಟರ್ ಮಾಮಾನೂ ತಲಿ ಅಲಗಾಡಸಾಕತ್ತಾನ.

ಕುಡ್ಲ_ಬಾಸ್ · 30 ಅಕ್ಟೋಬರ್, ಬೆಳಗ್ಗೆ 11:15

ರೊಟ್ಟಿ ಬರುವುದಾದರೆ ನಾನು ಹೋಟೆಲಿಗೆ ಹೋಗುವುದಿಲ್ಲ, ಕಾಯ್ತೇನೆ. ಎಲ್ಲರ ನಂಬರ್ ಮೆಸೇಜಲ್ಲಿ ಹಾಕಿ. ಎಸ್ಸೆಮ್ಮೆಸ್ ಈಗ ದಿನಕ್ಕೆ 100 ಮಾತ್ರ, ಸುಮ್ಮನೆ ಫಾರ್ವರ್ಡ್ ಕಳಿಸಿ ಮುಗಿಸಬೇಡಿ, ಒಳಗೆ ನೆಟ್‌ವರ್ಕ್ ಇದ್ದಾಗ ಒಬ್ಬರನ್ನೊಬ್ಬರು ಹುಡುಕಲಿಕ್ಕೆ ಬೇಕು.

ಮಲ್ಲೇಶ್ವರಂ_ಮೆಟಲ್ · 30 ಅಕ್ಟೋಬರ್, ಬೆಳಗ್ಗೆ 11:40

ನಾನು ಗೇಟ್ ಹತ್ರ ಬಂದಾಯ್ತು. ಆಗಲೇ ಕ್ಯೂ ಇದೆ, ದೊಡ್ಡದೇ ಇದೆ. ಒಳಗೆ ಸೌಂಡ್‌ಚೆಕ್ ನಡೀತಿದೆ, ಯಾರೋ ಕಿಕ್ ಡ್ರಮ್ ಒಂದೊಂದೇ ಸಲ ಹೊಡೀತಿದಾರೆ, ಪ್ರತಿ ಸಲಕ್ಕೂ ಕ್ಯೂ ಪೂರ್ತಿ ಹೋ ಅಂತಿದೆ. ಹಸಿರು ಬ್ಯಾಗ್, ಗಡ್ಡ, 'ಜಸ್ಟಿಸ್' ಟೀಶರ್ಟ್, ಅದು ನಾನು. ಬನ್ನಿ ಬೇಗ.